ಅಜ್ಜನವರು ವಿಭೂತಿ ಹಚ್ಚಿದ ಬೂಟು

ಅರಿಷಿಣಕಟ್ಟಿಯ ಮಠಕ್ಕೆ ಮೊದಲ ಸಲ ಬಂದವರು ಅಲ್ಲಿಯ ಸ್ವಾಮಿಗಳಾದ ಪೂಜ್ಯ ಶ್ರೀ ಚರಂತಯ್ಯ ಅಜ್ಜನವರನ್ನೇ ಹಿಡಿದು "ಅಜ್ಜಾರು ಎಲ್ಲಿ ಅದಾರ್ರಿ?" ಎಂದು ಕೇಳಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪೂಜ್ಯರು ಅಡುಗೆಮನೆಯ ಮುಂದಿನ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು, ಕಾವಿ ಧೋತರವನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡು, ದಾಸೋಹಕ್ಕೆ ಮೆಂತೆಯ ಎಲೆ ಬಿಡಿಸಿ ಪಲ್ಲೆ ಸೋಸುತ್ತ ಕುಳಿತಿರುತ್ತಿದ್ದರು. ಕೇಳಿದವರಿಗೆ "ಅದಾರ, ಎಲ್ಲಿ ಹೋಗ್ತಾರ. ಮೊದ್ಲ ಉಣ್ರಿ" ಎಂದು ಪಂಕ್ತಿಯ ಕಡೆ ಕೈ ತೋರಿಸುವರು. ಉಂಡು ಬಂದವರು, ಬೇರೆಯವರು ಅವರ ಪಾದಕ್ಕೆ ಬೀಳುವುದನ್ನು ನೋಡಿ ನಾಲಿಗೆ ಕಚ್ಚಿಕೊಳ್ಳುವರು. ಅಜ್ಜನವರು ಆಗಲೂ ಪಲ್ಲೆ ಸೋಸುತ್ತಲೇ ಇರುವರು.

ಇದನ್ನು ಬರೆಯುತ್ತಿರುವ ನಾನು ಯಲಿಗಾರ ಮಾಸ್ತರ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಕಲಿಸಿ ನಿವೃತ್ತನಾದೆ. ಮನೆಯಲ್ಲಿ ಸುಮ್ಮನೆ ಕೂಡ್ರುವುದು ನನ್ನ ಜಾಯಮಾನವಲ್ಲ, ಹಾಗಾಗಿ ಮಠದ ಬಾಗಿಲ ಸೇವೆಗೆ ನಿಂತೆ. ನಿಲ್ಲು ಎಂದು ಯಾರೂ ಹೇಳಿರಲಿಲ್ಲ, ನಾನೇ ನಿಂತೆ. ಅಗಸಿಬಾಗಿಲ ಹೊರಗೆ ಬೇವಿನ ಮರದ ಬುಡಕ್ಕೆ ಒಂದು ಉದ್ದನೆಯ ಕಲ್ಲಿದೆ. ಬಂದವರ ಚಪ್ಪಲಿ ಆ ಕಲ್ಲಿನ ಮೇಲೆ, ಸಾಲು ತಪ್ಪದಂತೆ ಇರಬೇಕು. ಕೊರಳಲ್ಲಿ ಶಾಲೆಯ ಕಾಲದ ಅದೇ ಸೀಟಿ. ಯಾರಾದರೂ ಮರೆತು ಚಪ್ಪಲಿ ಮೆಟ್ಟಿಕೊಂಡೇ ಹೊಸ್ತಿಲ ಹತ್ತಿರ ಬಂದರೆ ಊದುತ್ತಿದ್ದೆ. ಒಮ್ಮೆ ತಹಶೀಲ್ದಾರರನ್ನೇ ತಡೆದು ಶೂ ಬಿಚ್ಚಿಸಿದ್ದೆ. ಆ ಕಥೆಯನ್ನು ಕೇಳಿದವರಿಗೂ ಹೇಳುತ್ತಿದ್ದೆ, ಕೇಳದೆ ಇದ್ದವರಿಗೂ ಹೇಳುತ್ತಿದ್ದೆ. ನನ್ನ ತಪ್ಪನ್ನು ಬರೆಯಲು ಕೂತವನು ನನ್ನ ಗರ್ವವನ್ನೂ ಬರೆಯಬೇಕಲ್ಲ.

ಸುಮಾರು ಏಳು ವರ್ಷದ ಹಿಂದೆ, ಜ್ಯೇಷ್ಠ ಮಾಸದ ಒಂದು ಸೋಮವಾರ ಬಸಲಿಂಗವ್ವ ಎಂಬ ಮುದುಕಿ ಕೌದಿಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಬಂದಳು. ತಾಲೂಕಿನ ಊರಿನಲ್ಲಿ ಅವಳ ಮಗ ಶೇಖಪ್ಪನದು ರೊಟ್ಟಿ ಖಾನಾವಳಿ. ಮಗ ಬಡಿಸುತ್ತಿದ್ದ, ಸೊಸೆ ಸುನಂದಾ ರೊಟ್ಟಿ ಬಡಿಯುತ್ತಿದ್ದಳು. ಸೋಮವಾರ ಅಲ್ಲಿ ಸಂತೆ. ಅಂದು ಸೊಸೆಗೆ ಮುಂಜಾನೆಯಿಂದ ಸಂಜೆತನಕ ಒಲೆಯ ಮುಂದಿನಿಂದ ಏಳಲು ಆಗುತ್ತಿರಲಿಲ್ಲ. ಅದಕ್ಕೇ ಮುದುಕಿ ಹಾಲಿನ ಬಾಟಲಿ ಸಹಿತ ಮೊಮ್ಮಗಳನ್ನು ಕಟ್ಟಿಕೊಂಡು ಬಸ್ಸು ಹತ್ತಿ ಬಂದಿದ್ದಳು. ಕೂಸಿನ ಹೆಸರು ಗಂಗಾಂಬಿಕಾ. ಮೂರು ತಿಂಗಳು ತುಂಬಿತ್ತು.

ಕೌದಿಯ ಕೆಳಗಿನಿಂದ ಏನೋ ಫಳಕ್ಕೆಂದಿತು. ನಾನು ಸೀಟಿ ಊದಿದೆ.

"ಏನದು ಕೂಸಿನ ಕಾಲಾಗ?"

"ಬೂಟ್ರಿ ಮಾಸ್ತರ. ಡಾಕ್ಟರ ಹಾಕ್ಯಾರ."

ಕೌದಿ ಸರಿಸಿ ನೋಡಿದೆ. ಎರಡು ಪುಟ್ಟ ಚರ್ಮದ ಬೂಟು, ಎರಡರ ನಡುವೆ ಗೇಣುದ್ದದ ಕಬ್ಬಿಣದ ಪಟ್ಟಿ. ಹುಟ್ಟುವಾಗಲೇ ಕೂಸಿನ ಬಲಪಾದ ಒಳಕ್ಕೆ ತಿರುಚಿಕೊಂಡಿತ್ತಂತೆ, ಅಂಗಾಲು ಎಡಗಾಲಿನ ಕಡೆ ನೋಡುತ್ತಿತ್ತಂತೆ. ದೊಡ್ಡಾಸ್ಪತ್ರೆಯ ಎಲುಬಿನ ಡಾಕ್ಟರು ವಾರಕ್ಕೊಂದರಂತೆ ಆರು ಪ್ಲಾಸ್ಟರ್ ಹಾಕಿ, ಹಿಮ್ಮಡಿಯ ಹತ್ತಿರ ಸಣ್ಣದಾಗಿ ಕೊಯ್ದು, ಪಾದವನ್ನು ನೆಟ್ಟಗೆ ಮಾಡಿದ್ದರು. ಅದು ಮತ್ತೆ ತಿರುಗದಂತೆ ಈ ಬೂಟು. ಇಷ್ಟನ್ನೂ ಮುದುಕಿ ಹೇಳಿದಳು, ನಾನು ಇಷ್ಟನ್ನೂ ಕೇಳಿದೆ. ಕೇಳಿಯೂ ಅಂದೆ:

"ಚರ್ಮದ್ದು ಹೌದಿಲ್ಲೋ? ಹೊರಗ ಬಿಡು. ಗದ್ದುಗೆ ಮುಂದ ತಹಶೀಲ್ದಾರನೂ ಒಂದ, ಕೂಸೂ ಒಂದ."

ಆ ಮಾತು ನನಗೇ ಬಹಳ ಚೆನ್ನಾಗಿ ಕಂಡಿತು. ಮುದುಕಿ ಪಾಪ, ಕೈಮುಗಿದು ಬೂಟು ಬಿಚ್ಚಿದಳು. ಕೂಸು ನಡೆದರೆ ಸಾಕು, ಹನ್ನೊಂದು ಸೋಮವಾರ ತಂದು ಅದರ ಹಣೆಯನ್ನು ಹಿಂದಿನ ಗುರುಗಳ ಸಮಾಧಿಯ ಗದ್ದುಗೆಗೆ ಮುಟ್ಟಿಸುತ್ತೇನೆ ಎಂದು ಹರಕೆ ಹೊತ್ತವಳು ಅವಳು. ಮಠದವರ ಮಾತಿಗೆ ಎದುರಾಡಿದರೆ ಹರಕೆಗೆ ಕುಂದು ಬಂದೀತೆಂಬ ಹೆದರಿಕೆ.

ಬಿಚ್ಚುವುದು ಸುಲಭ, ಹಾಕುವುದು ಸುಲಭವಲ್ಲ. ಮುದುಕಿಯ ಕೈ ನಡುಗುತ್ತಿತ್ತು, ಕೂಸು ಒದೆಯುತ್ತಿತ್ತು. ಹೀಗಾಗಿ ದರ್ಶನಕ್ಕೆಂದು ಬಿಚ್ಚಿದ ಬೂಟು ಸಂಜೆಯ ಬಸ್ಸು ಬರುವ ತನಕ ಕಲ್ಲಿನ ಮೇಲೇ ಉಳಿಯುತ್ತಿತ್ತು. ಹೊರಡುವಾಗ ಹೇಗೋ ಕಾಲನ್ನು ಒಳಗೆ ತುರುಕಿ ಸಡಿಲವಾಗಿ ಕಟ್ಟಿಕೊಂಡು ಒಯ್ಯುತ್ತಿದ್ದಳು. ಸೊಸೆಗೆ ಹೇಳಲಿಲ್ಲ. ಹೇಳಿದರೆ ಹರಕೆ ನಿಲ್ಲುತ್ತಿತ್ತು. ಶ್ರಾವಣ ಹತ್ತಿದ ಮೇಲೆ ಸೋಮವಾರ ಅಷ್ಟೇ ಅಲ್ಲ, ದಿನವೂ ಬರತೊಡಗಿದಳು. ನಾನು ದಿನವೂ ಆ ಬೂಟನ್ನು ಸಾಲಿನಲ್ಲಿ ನೆಟ್ಟಗೆ ಇಡುತ್ತಿದ್ದೆ. ಜನಸಂದಣಿಯಲ್ಲಿ ಮುದುಕಿ ಹಿಂದೆ ಕೂಡ್ರುತ್ತಿದ್ದುದರಿಂದ ಇದೊಂದೂ ಅಜ್ಜನವರ ಕಣ್ಣಿಗೆ ಬಿದ್ದಿರಲಿಲ್ಲ.

ಹತ್ತು ಸೋಮವಾರ ಮುಗಿದವು. ಆಮೇಲೆ ಅವಳು ಬರಲಿಲ್ಲ. ಹನ್ನೊಂದನೆಯದನ್ನು ಬಿಟ್ಟಳಲ್ಲ, ಎಂಥ ಜನ ಇವರು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಸುಮಾರು ಒಂದು ತಿಂಗಳ ಮೇಲೆ, ಮತ್ತೊಂದು ಸೋಮವಾರ, ಅತ್ತೆ ಸೊಸೆ ಇಬ್ಬರೂ ಬಂದರು. ಸಂತೆಯ ದಿನ ಖಾನಾವಳಿಯ ಬಾಗಿಲು ಹಾಕಿಕೊಂಡು ಬಂದಿದ್ದರು. ಸುನಂದಾಳ ಮುಂಗೈಯಲ್ಲಿ ಒಲೆಯ ಸುಟ್ಟ ಕಲೆ. ಸೊಂಟದ ಮೇಲೆ ಕೂಸು, ಕೂಸಿನ ಕಾಲಲ್ಲಿ ಬೂಟು. ಅವಳ ಹಿಂದೆ ಬಸಲಿಂಗವ್ವ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಒಂದು ತಿಂಗಳಲ್ಲಿ ಅರ್ಧಕ್ಕರ್ಧ ಸೊರಗಿದ್ದಳು.

"ಬೂಟು ಬಿಚ್ಚಿಸಿದ ಮಾಸ್ತರ ನೀವ ಏನ್ರಿ?" ಸುನಂದಾ ಕೇಳಿದಳು.

"ನಾನ. ಮಠದ ಶಿಸ್ತು ಅದು."

"ನಿಮ್ಮ ಶಿಸ್ತು ನನ್ನ ಮಗಳ ಕಾಲಿಗೆ ಬಂತು ನೋಡ್ರಿ." ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಚಲೋ ಇತ್ತು, ನಾನೂ ಏರಿಸುತ್ತಿದ್ದೆ. "ಇದು ದಿನಕ್ಕ ಇಪ್ಪತ್ಮೂರು ತಾಸು ಕಾಲಾಗ ಇರಬೇಕ್ರಿ. ಮೈ ತೊಳಿಯೂ ಹೊತ್ನ್ಯಾಗ ಒಂದು ತಾಸು ಬಿಡುವು, ಅಷ್ಟ. ಹಿಮ್ಮಡಿ ಕೆಳಗ ಇಳೀಲಾರದ್ದು ನೋಡಿ ದವಾಖಾನಿಗೆ ಒಯ್ದ್ವಿ. ಪಾದ ಮತ್ತ ತಿರುಗೈತಿ ಅಂದ್ರು. ಆವಾಗ ನಮ್ಮತ್ತಿ ಎಲ್ಲಾ ಬಾಯಿ ಬಿಟ್ರು. ಮತ್ತ ಮೂರು ಪ್ಲಾಸ್ಟರ್ ಹಾಕ್ಸಿದ್ವಿ. ಇನ್ನೊಮ್ಮೆ ತಿರುಗಿದ್ರ ದೊಡ್ಡದಾಗಿ ಕೊಯ್ಯಬೇಕಾಗತೈತಿ, ಆವಾಗ ನೆಟ್ಟಗ ಆದೀತು ಅಂತ ನಾ ಹೇಳಾಂಗಿಲ್ಲ ಅಂದಾರ ಡಾಕ್ಟರ."

ನಾನು ಕಲ್ಲಿನ ಮೇಲಿನ ಒಂದು ಜೊತೆ ಚಪ್ಪಲಿಯನ್ನು ಸಾಲಿಗೆ ಸರಿಸಿದೆ.

"ನಮ್ಮತ್ತಿ ಒಂದು ಹರಕಿ ಉಳದೈತಿ ಅಂತ ನಾಲ್ಕ ದಿನಾತು ತುತ್ತು ಮುಟ್ಟಿಲ್ಲ. ಅದಕ್ಕ ಬಂದೀನಿ. ಬೂಟು ಸಹಿತ ಒಳಗ ಬಿಟ್ರ ಹಣಿ ಹಚ್ಚಿಸ್ಕೊಂಡು ಹೋಗ್ತೀವಿ. ಬಿಡಾಂಗಿಲ್ಲ ಅಂದ್ರ ಹಿಂಗ ತಿರುಗ್ತೀವಿ. ಮತ್ತ ಈ ಮಠದ ಕಡೆ ಬರಾಂಗಿಲ್ಲ. ಬೂಟು ಮಾತ್ರ ಬಿಚ್ಚಾಂಗಿಲ್ಲ."

ತಪ್ಪು ನನ್ನದೇ ಎಂದು ಗೊತ್ತಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸುತ್ತ ಹತ್ತಾರು ಜನ ನೋಡುತ್ತಿದ್ದರು. ಮೂವತ್ತೊಂದು ವರ್ಷದ ಅಭ್ಯಾಸ ಬಾಯಿಗೆ ಬಂತು. "ನಿಯಮ ಅಂದ್ರ ನಿಯಮ ನೋಡವ್ವಾ. ಇವತ್ತ ನಿನಗ ಬಿಟ್ರ ನಾಳೆ..." ಎಂದು ಶುರು ಮಾಡಿದೆ. ಅವಳು ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟಳು. ನಾನು ಸೀಟಿ ಊದಿಬಿಟ್ಟೆ. ಆರು ತಿಂಗಳ ಕೂಸಿನ ಮೇಲೆ ಸೀಟಿ ಊದಿದ ಗಂಡಸು ಈ ಜಿಲ್ಲೆಯಲ್ಲೆಲ್ಲ ನಾನೊಬ್ಬನೇ ಇರಬೇಕು. ಕೂಸು ಬೆಚ್ಚಿಬಿದ್ದು ಅಳತೊಡಗಿತು.

ಆ ಅಳು ಅಡುಗೆಮನೆಯ ಕಟ್ಟೆಗೆ ಕೇಳಿಸಿತು. ಅಜ್ಜನವರು ಎದ್ದು ಬಂದರು. ಕೈಯಲ್ಲಿ ಮೆಂತೆಯ ದಂಟು ಹಾಗೇ ಇತ್ತು. ಏನೆಂದು ಕೇಳಿದರು. ಸುನಂದಾ ನನಗೆ ಹೇಳಿದ್ದನ್ನೇ ಇನ್ನೊಮ್ಮೆ, ಒಂದು ಮಾತೂ ಹೆಚ್ಚು ಕಡಿಮೆ ಇಲ್ಲದೆ ಹೇಳಿದಳು. ಪೂಜ್ಯರು ಪೂರ್ತಿ ಕೇಳಿದರು. ಆಮೇಲೆ ನನ್ನನ್ನು ದಾಟಿ, ಹೊಸ್ತಿಲು ದಾಟಿ, ಬೇವಿನ ಮರದ ಬುಡಕ್ಕೆ ನಡೆದು, ಕಲ್ಲಿನ ಮೇಲಿದ್ದ ಚಪ್ಪಲಿಗಳನ್ನು ತಮ್ಮ ಕೈಯಿಂದಲೇ ಅತ್ತ ಸರಿಸಿ, ಅಲ್ಲಿ ಕುಳಿತರು.

"ಅಯ್ಯಯ್ಯ, ಅಜ್ಜಾರ, ಅಲ್ಲಿ ಬ್ಯಾಡ್ರಿ!" ಎಂದು ಜನ ಗಾಬರಿಯಾಗಿ ಓಡಿಬಂದರು. ನಾನು ಸಾಲಾಗಿ ಜೋಡಿಸಿಟ್ಟ ಚಪ್ಪಲಿಗಳ ನಡುವೆ ನನ್ನ ಗುರುಗಳು ಕುಳಿತಿದ್ದಾರೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಜ್ಜನವರು ಕೈ ಚಾಚಿ ಕೂಸನ್ನು ತೊಡೆಯ ಮೇಲೆ ತೆಗೆದುಕೊಂಡರು. ಅದು ಅವರ ಕೊರಳಿನ ರುದ್ರಾಕ್ಷಿ ಹಿಡಿದುಕೊಂಡು ಅಳು ನಿಲ್ಲಿಸಿತು. ಅವರು ಬಸಲಿಂಗವ್ವನನ್ನು ಹತ್ತಿರ ಕರೆದರು.

"ಏನಂತ ಬೇಡ್ಕೊಂಡಿದ್ದಿ ಯವ್ವಾ?"

"ಕೂಸು ನಡದ್ರ ಸಾಕು ಅಂತ್ರಿ ಯಪ್ಪಾ."

"ಕೂಸು ನಡಿಯೂಹಂಗ ಕಾಲು ನೆಟ್ಟಗ ಮಾಡಾಕತ್ತಿದ್ದು ಯಾವುದು?"

ಮುದುಕಿ ಒಳಗೆ ಗದ್ದುಗೆಯ ಕಡೆ ನೋಡಿದಳು. ಸೊಸೆಯ ಮುಖ ನೋಡಿದಳು. ಕಡೆಗೆ ಬೆರಳಿನಿಂದ ಬೂಟಿನ ತುದಿ ಮುಟ್ಟಿದಳು. "ಇದ್ರಿ" ಎಂದಳು.

"ಹಂಗಾರ ಹರಕಿ ಇದನ್ನ ಬಿಚ್ಚಿದಾಗ ಮುರದೈತಿ. ಇವತ್ತ ಮುರೀಲಿಲ್ಲ."

ಹೀಗೆಂದು ಪೂಜ್ಯರು ಮಡಿಲಿನ ಚೀಲದಿಂದ ವಿಭೂತಿಯ ಗಟ್ಟಿ ತೆಗೆದು ಬೆರಳಿಗೆ ತೀಡಿಕೊಂಡರು. ಮೊದಲು ಬಲಗಾಲಿನ ಬೂಟಿಗೆ ಮೂರು ಬೆರಳೆಳೆದರು. ಆಮೇಲೆ ಎಡಗಾಲಿನದಕ್ಕೆ, ಆಮೇಲೆ ನಡುವಿನ ಕಬ್ಬಿಣದ ಪಟ್ಟಿಗೆ. ಎಲ್ಲಕ್ಕೂ ಕಡೆಗೆ ಕೂಸಿನ ಹಣೆಗೆ. ಬಸಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಸುನಂದಾ ಅತ್ತೆಯ ಭುಜ ಹಿಡಿದುಕೊಂಡಳು.

ಆಗ ಅಜ್ಜನವರು ನನ್ನ ಕಡೆ ತಿರುಗಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ಮಾಸ್ತರ, ಬಿಚ್ಚಿಸಿದವ್ರು ನೀವು. ಕಟ್ಟೂದು ಕಲ್ಕೊಳ್ರಿ."

ಇಷ್ಟೇ ಅಂದದ್ದು. ಎದ್ದು ಕೂಸನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು. ಹೊಸ್ತಿಲು ದಾಟುವಾಗ ಕಬ್ಬಿಣದ ಪಟ್ಟಿ ಬಾಗಿಲ ಚೌಕಟ್ಟಿಗೆ ಬಡಿದು ಟಣ್ ಎಂದಿತು. ಬೂಟು ಸಹಿತ ಗಂಗಾಂಬಿಕೆಯ ಹನ್ನೊಂದನೆಯ ಸೋಮವಾರ ಪೂರ್ಣವಾಯಿತು. ಬಸಲಿಂಗವ್ವ ಅಂದು ಪಂಕ್ತಿಯಲ್ಲಿ ಕೂತು ಎರಡು ಸಲ ಹುಗ್ಗಿ ಹಾಕಿಸಿಕೊಂಡಳು.

ಊಟವಾದ ಮೇಲೆ ಅದೇ ಕಲ್ಲಿನ ಮೇಲೆ ಸುನಂದಾ ನನಗೆ ಪಾಠ ಹೇಳಿದಳು. ಮೊದಲು ಕಾಲ್ಚೀಲದ ನೆರಿಗೆ ತೆಗೆಯಬೇಕು. ಮೊಣಕಾಲು ಮಡಿಸಿ ಹಿಮ್ಮಡಿಯನ್ನು ಕೆಳಕ್ಕೆ ಒತ್ತಬೇಕು. ಆಮೇಲೆ ಪಾದದ ಮೇಲಿನ ಚರ್ಮದ ಪಟ್ಟಿ ಬಿಗಿಯಬೇಕು, ಲಾಡಿ ಕಟ್ಟುವುದು ಎಲ್ಲಕ್ಕೂ ಕಡೆಗೆ. ಬೂಟಿನ ಹಿಂದೆ ಒಂದು ತೂತಿದೆ, ಅದರಲ್ಲಿ ಹಿಮ್ಮಡಿ ಕಾಣದಿದ್ದರೆ ಬಿಚ್ಚಿ ಮತ್ತೆ ಮೊದಲಿನಿಂದ. ನಾನು ನಾಲ್ಕು ಸಲ ತಪ್ಪಿದೆ. ಐದನೆಯ ಸಲಕ್ಕೆ ಕೂಸು ನನ್ನ ಮೂಗಿಗೇ ಒದೆಯಿತು. "ಅಡ್ಡಿಯಿಲ್ರಿ, ನನಗೂ ಒದ್ದೈತಿ" ಎಂದು ಸುನಂದಾ ನಕ್ಕಳು. ಆ ಮನೆಯವರು ನನ್ನ ಮುಂದೆ ನಕ್ಕಿದ್ದು ಅದೇ ಮೊದಲು.

ಅಜ್ಜನವರು ಒಂದು ವ್ಯವಸ್ಥೆ ಮಾಡಿಕೊಟ್ಟರು. ಸಂತೆಯ ದಿನ ಬಸಲಿಂಗವ್ವ ಕೂಸನ್ನು ಮಠಕ್ಕೇ ತರಬೇಕು, ದಿನದ ಆ ಒಂದು ತಾಸಿನ ಬಿಡುವು ಇಲ್ಲೇ ಆಗಬೇಕು. ಅಡುಗೆಮನೆಯಲ್ಲಿ ಬಿಸಿನೀರು ಕಾಯುತ್ತಿತ್ತು. ಮುದುಕಿ ಮೈ ತೊಳೆದು ಕೊಡುತ್ತಿದ್ದಳು, ನಾನು ಗಡಿಯಾರ ನೋಡಿಕೊಂಡು ಬೂಟು ಕಟ್ಟುತ್ತಿದ್ದೆ. ಕೂಸು ಹಟ ಮಾಡದಿರಲಿ ಎಂದು ಕೊರಳಿನ ಸೀಟಿಯನ್ನು ಬಿಚ್ಚಿ ಅದರ ಕೈಗೆ ಕೊಟ್ಟೆ. ಅದನ್ನು ಕಚ್ಚುತ್ತ ಸುಮ್ಮನೆ ಕಟ್ಟಿಸಿಕೊಳ್ಳುತ್ತಿತ್ತು. ಆ ಸೀಟಿ ಮತ್ತೆ ನನ್ನ ಕೊರಳಿಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಬೂಟು ನಿದ್ದೆಯ ಹೊತ್ತಿಗೆ ಮಾತ್ರ ಸಾಕಾಯಿತು. ಹದಿನಾಲ್ಕನೆಯ ತಿಂಗಳಿಗೆ ಹುಡುಗಿ ಗೋಡೆ ಹಿಡಿದು ಎದ್ದಳು, ಮುಂದಿನ ತಿಂಗಳು ಗೋಡೆ ಬಿಟ್ಟಳು. ನಾಲ್ಕು ವರ್ಷ ತುಂಬಿ ಬೂಟು ಪೂರ್ತಿ ಬಿಡಿಸುವ ದಿನ ಡಾಕ್ಟರು ಶೇಖಪ್ಪನಿಗೆ ಒಂದು ಎಚ್ಚರಿಕೆ ಹೇಳಿದರಂತೆ: ಇವಳ ಚಪ್ಪಲಿಯ ತಳ ನೋಡುತ್ತಿರಿ, ಬಲಗಾಲಿನದು ಹೊರ ಅಂಚಿನಲ್ಲಿ ಹೆಚ್ಚು ಸವೆದರೆ ಪಾದ ಮತ್ತೆ ತಿರುಗುತ್ತಿದೆ ಎಂದು ತಿಳಿದು ಕೂಡಲೇ ಕರೆತನ್ನಿ. ಶೇಖಪ್ಪ ಇದನ್ನು ಬಂದು ನನಗೆ ಹೇಳಿದ. ಚಪ್ಪಲಿ ಕಾಯುವವನು ನಾನೇ ತಾನೇ?

ಅಂದಿನಿಂದ ಪ್ರತಿ ಸೋಮವಾರ ಆ ಪುಟ್ಟ ಚಪ್ಪಲಿ ಕಲ್ಲಿನ ಮೇಲೆ ಬಂದ ಕೂಡಲೇ ತಿರುವಿ ನೋಡತೊಡಗಿದೆ. ಕಟ್ಟೆಯ ಮೇಲಿನಿಂದ ಪೂಜ್ಯರು ಪಲ್ಲೆ ಸೋಸುತ್ತಲೇ "ಹೆಂಗದಾವ ಮಾಸ್ತರ?" ಎಂದು ಕೇಳುತ್ತಿದ್ದರು. "ಸಮ ಅದಾವ್ರಿ ಅಜ್ಜಾರ" ಎನ್ನುತ್ತಿದ್ದೆ. ಅವರು ತಲೆದೂಗಿ ಮುಂದಿನ ಕಟ್ಟು ಬಿಚ್ಚುತ್ತಿದ್ದರು. ನಮ್ಮಿಬ್ಬರ ನಡುವೆ ವಾರಕ್ಕೆ ಇಷ್ಟೇ ಮಾತು. ಬೇರೆ ಉಪದೇಶವನ್ನು ನಾನೂ ಕೇಳಲಿಲ್ಲ, ಅವರೂ ಕೊಡಲಿಲ್ಲ.

ಪೂಜ್ಯರು ಲಿಂಗೈಕ್ಯರಾಗಿ ಎರಡು ವರ್ಷವಾಯಿತು, ಹಿಂದಿನ ಗುರುಗಳ ಗದ್ದುಗೆಯ ಪಕ್ಕದಲ್ಲೇ ಈಗ ಅವರದೂ ಇದೆ. ಬಾಗಿಲಲ್ಲಿ ನಾನು ಈಗಲೂ ನಿಲ್ಲುತ್ತೇನೆ, ಚಪ್ಪಲಿ ಹೊರಗೆ ಬಿಡಿ ಎಂದು ಈಗಲೂ ಹೇಳುತ್ತೇನೆ. ಆದರೆ ಬಂದವರ ಕಾಲಿಗೆ ಏನಾಗಿದೆ ಎಂದು ಮೊದಲು ಕೇಳುತ್ತೇನೆ. ಗಂಗಾಂಬಿಕೆಗೆ ಎಂಟು ನಡೆಯುತ್ತಿದೆ. ಶಾಲೆಗೆ ಸೂಟಿ ಇದ್ದ ಸೋಮವಾರ ಬಸಲಿಂಗವ್ವನ ಜೊತೆ ಬರುತ್ತಾಳೆ. ಮುದುಕಿಗೆ ಕಣ್ಣು ಮಂದವಾಗಿದೆ, ಬಸ್ ಸ್ಟ್ಯಾಂಡಿನಿಂದ ಇಲ್ಲಿಯ ತನಕ ಮೊಮ್ಮಗಳೇ ಕೈಹಿಡಿದು ನಡೆಸಿಕೊಂಡು ಬರುತ್ತಾಳೆ. ಅಜ್ಜಿಯ ಚಪ್ಪಲಿ ಬಿಚ್ಚಿಟ್ಟು, ತನ್ನದನ್ನು ಪಕ್ಕಕ್ಕೆ ಎಸೆದು, ಒಳಗೆ ಓಡುತ್ತಾಳೆ. ಸಾಲು ಕೆಡಿಸುತ್ತಾಳೆ, ನಾನು ಏನೂ ಅನ್ನುವುದಿಲ್ಲ.

ಅವಳು ಒಳಗೆ ಹೋದ ಮೇಲೆ ಮೆಲ್ಲಗೆ ಬಗ್ಗಿ ಆ ಎರಡು ಚಪ್ಪಲಿಗಳನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ತಳ ನೋಡುತ್ತೇನೆ. ಆಮೇಲೆ ಗದ್ದುಗೆಯ ಕಡೆ ಮುಖ ಮಾಡಿ, ಯಾರು ಏನಾದರೂ ಅಂದುಕೊಳ್ಳಲಿ, ಗಟ್ಟಿಯಾಗಿ ಹೇಳುತ್ತೇನೆ:

"ಸಮ ಅದಾವ್ರಿ ಅಜ್ಜಾರ."