ಇಪ್ಪತ್ತು ವ್ಯಾಟಿನ ಪೆಟ್ಟಿಗೆ

"ಗುರುಗಳೇ, ಕೇಳುವವರಿಗೆ ತಿಳಿವಳಿಕೆಯೇ ಇಲ್ಲದಿದ್ದರೆ ಹೇಳುವವನು ಏನು ಮಾಡಬೇಕು?"

ಹೀಗೆ ಕೇಳಿದವನು ಮುರಿಗೆಪ್ಪ. ಮಠದಲ್ಲಿ ಹನ್ನೊಂದು ವರ್ಷ ಓದಿದ ಶಿಷ್ಯ. ಗುರುಗಳು ಮೊದಲ ಸಲ ಅವನನ್ನು ಒಂದು ಹಳ್ಳಿಗೆ ಒಂದು ತಿಂಗಳ ಪ್ರವಚನಕ್ಕೆ ಕಳಿಸಿದ್ದರು. ಅವನು ಆರನೆಯ ದಿನವೇ ಬೆಳಗಿನ ಮೊದಲ ಬಸ್ಸಿಗೆ ಹಿಂದಿರುಗಿದ್ದ. ಚೀಲ ಇನ್ನೂ ಹೆಗಲಿನಿಂದ ಇಳಿದಿರಲಿಲ್ಲ.

"ಮೊದಲ ದಿನ ಇನ್ನೂರು ಜನ ಬಂದಿದ್ದರು. ನಿನ್ನೆ ಹದಿನಾಲ್ಕು ಜನ. ಅವರಲ್ಲೂ ನಾಲ್ವರು ಪ್ರಸಾದ ಬಡಿಸುವವರು" ಎಂದ ಮುರಿಗೆಪ್ಪ. "ನಾನೇನು ಕಡಿಮೆ ಮಾಡಿದೆ? ದಿನಕ್ಕೆ ಹನ್ನೆರಡು ಶ್ಲೋಕ ಹೇಳಿದೆ. ಪದ ಬಿಡಿಸಿದೆ, ಅನ್ವಯ ಮಾಡಿದೆ, ಮೂರು ಭಾಷ್ಯಕಾರರ ಮತವನ್ನೂ ಇಟ್ಟೆ. ಆ ಜನ ಶಾಸ್ತ್ರದ ಹತ್ತಿರ ಸುಳಿದವರಲ್ಲ. ಅವರಿಗೆ ಅರ್ಥವಾಗುವುದು ಹೇಗೆ? ನನಗೆ ಈ ಕೆಲಸ ಬೇಡ. ಇನ್ನು ಮುಂದೆ ಇಲ್ಲೇ ಪುಸ್ತಕಗಳ ಧೂಳು ಒರೆಸಿಕೊಂಡು ಇರುತ್ತೇನೆ."

"ಧೂಳು ಒರೆಸಲು ಹನ್ನೊಂದು ವರ್ಷ ಓದಬೇಕಾಗಿರಲಿಲ್ಲ" ಎಂದರು ಗುರುಗಳು. "ಉಪ್ಪಿಟ್ಟು ತಿಂದೆಯಾ?"

"ಇಲ್ಲ."

"ಹಾಗಾದರೆ ಕೋಪ ಅರ್ಧ ಹಸಿವಿನದು. ತಟ್ಟೆ ತೆಗೆದುಕೊಂಡು ಬಾ. ತಿನ್ನುತ್ತಾ ಕೇಳು."

ಮುರಿಗೆಪ್ಪ ತಟ್ಟೆ ತಂದು ಕುಳಿತ. ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಗಿಟಾರ್ ವಾದಕನಿದ್ದ. ಊರೂರು ತಿರುಗಿ ಹಾಡುವ ಒಂದು ರಸಮಂಜರಿ ತಂಡದಲ್ಲಿ ಇಪ್ಪತ್ತೆರಡು ವರ್ಷದಿಂದ ಬಾರಿಸುತ್ತಿದ್ದ. ಅವನದು ಕರೆಂಟಿನ ಗಿಟಾರ್. ಅದಕ್ಕೆ ತನ್ನದೇ ಆದ ದೊಡ್ಡ ದನಿ ಇಲ್ಲ. ತಂತಿ ಮಿಡಿದರೆ ಪಕ್ಕದಲ್ಲಿ ಕುಳಿತವನಿಗಷ್ಟೇ ಕೇಳುತ್ತದೆ. ಆ ಸಣ್ಣ ದನಿಯನ್ನು ಒಂದು ವೈರು ಆಂಪ್ಲಿಫೈಯರಿಗೆ ಒಯ್ಯುತ್ತದೆ. ಆಂಪ್ಲಿಫೈಯರ್ ಅದಕ್ಕೆ ಬಲ ತುಂಬಿ ಸ್ಪೀಕರಿಗೆ ಕೊಡುತ್ತದೆ. ಸ್ಪೀಕರಿನಲ್ಲಿ ಕಾಗದದ ಒಂದು ಬಟ್ಟಲಿದೆ. ಅದು ನಡುಗಿದಾಗ ಊರಿಗೆಲ್ಲ ಕೇಳುತ್ತದೆ.

"ಅಂದರೆ ಮೈಕು" ಎಂದ ಮುರಿಗೆಪ್ಪ.

"ಅಲ್ಲ. ಮೈಕು ಕಿವಿ, ಸ್ಪೀಕರು ಬಾಯಿ. ನಮ್ಮೂರಿನವರು ಎರಡಕ್ಕೂ ಮೈಕೆಂದೇ ಅನ್ನುತ್ತಾರೆ. ಮೂರು ಭಾಷ್ಯ ಬಲ್ಲ ನೀನೂ ಹಾಗೆಯೇ ಅನ್ನುತ್ತೀಯ. ಇರಲಿ, ತಿನ್ನು."

ವಾದಕನ ಆಂಪ್ಲಿಫೈಯರ್ ಚಿಕ್ಕದು. ಇಪ್ಪತ್ತು ವ್ಯಾಟಿನ ಬಲ. ಅದೂ ಅದರ ಸ್ಪೀಕರೂ ಒಂದೇ ಮರದ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಯ ಬೆನ್ನು ತೆರೆದೇ ಇತ್ತು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಗಿಟಾರ್ ಹಿಡಿದು ಅವನು ಬಸ್ಸು ಹತ್ತುತ್ತಿದ್ದ. ಇಪ್ಪತ್ತೆರಡು ವರ್ಷ ಯಾರೂ ಅವನ ದನಿ ಚಿಕ್ಕದೆಂದು ದೂರಿರಲಿಲ್ಲ.

ಆ ವರ್ಷ ಆಯುಧಪೂಜೆ ಬಂತು. ವಾದಕ ಭಕ್ತಿವಂತ. ಗಿಟಾರಿಗೆ ಹಾರ ಹಾಕಿದ, ಪೆಟ್ಟಿಗೆಗೆ ವಿಭೂತಿ ಕುಂಕುಮ ಹಚ್ಚಿದ. ಊದಿನಕಡ್ಡಿ ಚುಚ್ಚಲು ಬಾಳೆಹಣ್ಣು ಸಿಗಲಿಲ್ಲ. ಸ್ಪೀಕರಿನ ಮುಂದೆ ಜಾಲರಿ ಇತ್ತಲ್ಲ, ಅದರ ತೂತಿಗೇ ಮೂರು ಕಡ್ಡಿ ಸಿಕ್ಕಿಸಿ ಕೈಮುಗಿದು ಊಟಕ್ಕೆ ಕುಳಿತ. ಹೋಳಿಗೆ ಮುಗಿಯುವ ಹೊತ್ತಿಗೆ ಕಡ್ಡಿ ಒಳಕ್ಕೆ ಜಾರಿ, ಕಾಗದದ ಬಟ್ಟಲಿನಲ್ಲಿ ಬೆರಳು ತೂರುವಷ್ಟು ತೂತು ಬಿದ್ದಿತ್ತು.

ಮುರಿಗೆಪ್ಪನಿಗೆ ಉಪ್ಪಿಟ್ಟು ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡ.

"ನಗಬೇಡ. ನಮ್ಮಲ್ಲಿ ಪೂಜೆಯಿಂದ ಹಾಳಾದ ವಸ್ತುಗಳ ಪಟ್ಟಿ ದೊಡ್ಡದಿದೆ" ಎಂದು ಗುರುಗಳು ಮುಂದುವರಿಸಿದರು.

ತೂತು ಹರಿಯುತ್ತಾ ಹೋಯಿತು. ಎರಡು ಕಾರ್ಯಕ್ರಮಗಳಲ್ಲಿ ಗಿಟಾರು ಕೆಟ್ಟ ಮೋಟಾರಿನ ಹಾಗೆ ಬರ್ ಎಂದಿತು. ತಂಡದ ಯಜಮಾನ ಕಟ್ಟುನಿಟ್ಟಿನ ಮನುಷ್ಯ. ವಾದಕನನ್ನು ಪಕ್ಕಕ್ಕೆ ಕರೆದು ಹೇಳಿದ: "ನೋಡಪಾ, ಕೀಬೋರ್ಡಿನ್ಯಾಗ ಗಿಟಾರಿನ ಬಟನ್ ಐತಿ. ಒತ್ತಿದ್ರ ಸಾಕು, ಬರತೈತಿ. ರಾಜ್ಯೋತ್ಸವದ ದಿನ ನಿನ್ನ ಗಿಟಾರು ನೆಟ್ಟಗ ಕೇಳಿಸಬೇಕು. ಇಲ್ಲಂದ್ರ ಮುಂದಿನ ಕಾರ್ಯಕ್ರಮಕ್ಕ ನೀ ಬರಬ್ಯಾಡ."

ವಾದಕನಿಗೆ ಬೇರೆ ಕಸುಬು ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಾಡುವವರ ಪಕ್ಕದ ಆ ಕುರ್ಚಿಯನ್ನು ಬಿಟ್ಟು ಬೇರೆ ಯಾವ ಜಾಗವೂ ಅವನಿಗೆ ಇಷ್ಟವಿಲ್ಲ. ಒಂದು ಬಟನ್ ತನ್ನ ಜಾಗದಲ್ಲಿ ಕೂರುವುದನ್ನು ನೆನೆದು ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ನಿರ್ಧಾರ ಮಾಡಿದ. ಕೇಳಿಸಬೇಕು ತಾನೇ? ಊರೇ ಬೆಚ್ಚಿಬೀಳುವ ಹಾಗೆ ಕೇಳಿಸುತ್ತೇನೆ.

ಮೈಕ್‌ಸೆಟ್ ಬಾಡಿಗೆ ಕೊಡುವ ಒಬ್ಬ ವ್ಯಾಪಾರಿಯ ಬಳಿ ಹೋದ. "ನಿಮ್ಮಲ್ಲಿರುವ ಸ್ಪೀಕರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕೊಡಿ" ಎಂದ. ವ್ಯಾಪಾರಿ ಕೇಳಿದ್ದನ್ನು ಕೊಡುವವನು, ಕೇಳದ್ದನ್ನು ಹೇಳುವವನಲ್ಲ. ಮುನ್ನೂರು ವ್ಯಾಟಿನ, ಹದಿನೈದು ಅಂಗುಲದ ಸ್ಪೀಕರ್ ತೆಗೆದುಕೊಟ್ಟ. ಮೆರವಣಿಗೆಯಲ್ಲಿ ಎದೆ ನಡುಗಿಸುತ್ತದಲ್ಲ, ಅಂಥದ್ದು. ಹಳೆಯ ಪೆಟ್ಟಿಗೆಯಲ್ಲಿ ಅದು ಹಿಡಿಸಲಿಲ್ಲ. ವಾದಕ ಬಡಗಿಗೆ ಹೇಳಿ ದಪ್ಪ ಹಲಗೆಯ ಹೊಸ ಪೆಟ್ಟಿಗೆ ಮಾಡಿಸಿದ, ಅದರ ಬೆನ್ನನ್ನೂ ಭದ್ರವಾಗಿ ಮುಚ್ಚಿಸಿದ. ಇಬ್ಬರು ಹೊತ್ತು ತಂದರು. ಹೆಂಡತಿ ಆರತಿ ಎತ್ತಿದಳು, ಊದಿನಕಡ್ಡಿಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ.

ಹಳೆಯ ಪೆಟ್ಟಿಗೆಯಲ್ಲೇ ಉಳಿದಿದ್ದ ಆಂಪ್ಲಿಫೈಯರಿನಿಂದ ಅದಕ್ಕೆ ವೈರು ಸಿಕ್ಕಿಸಿ ತಂತಿ ಮಿಡಿದ. ಕೌದಿ ಹೊದ್ದುಕೊಂಡು ಯಾರೋ ಒಳಗೆ ಗೊಣಗಿದ ಹಾಗೆ ಕೇಳಿತು. ಗುಂಡಿಯನ್ನು ಪೂರ್ತಿ ತಿರುಗಿಸಿದ. ಗೊಣಗುವವನು ಮಗ್ಗುಲು ಬದಲಿಸಿದ, ಅಷ್ಟೇ. ತಾಲೀಮಿಗೆ ಒಯ್ದ. ಅವನು ಬೆವರು ಹರಿಸಿ ಬಾರಿಸುತ್ತಿದ್ದಾಗ ಡ್ರಮ್ ಬಾರಿಸುವವನು ತಿರುಗಿ ನೋಡಿ, "ಶುರು ಮಾಡೋ ಮಾರಾಯಾ, ನಿಂದ ದಾರಿ ಕಾಯಾಕತ್ತೇವಿ" ಎಂದ.

ವಾದಕ ಮೊದಲು ಆಂಪ್ಲಿಫೈಯರನ್ನು ಬೈದ. ಆಮೇಲೆ ತಾಲೀಮಿನ ಕೋಣೆಯನ್ನು ಬೈದ. ಕೊನೆಗೆ, ಈ ಊರಿನವರ ಕಿವಿಯೇ ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಷ್ಟು ಹೇಳಿ ಗುರುಗಳು ಶಿಷ್ಯನ ಮುಖ ನೋಡಿದರು. ಮುರಿಗೆಪ್ಪ ತಟ್ಟೆಯಲ್ಲಿದ್ದ ಒಗ್ಗರಣೆಯ ಮೆಣಸಿನಕಾಯಿಯನ್ನು ನೋಡಿದ.

ರಾಜ್ಯೋತ್ಸವಕ್ಕೆ ಮೂರೇ ದಿನ ಉಳಿದಿತ್ತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕೆಟ್ಟ ಸ್ಪೀಕರುಗಳಿಗೆ ತಂತಿಯ ಕಾಯಿಲ್ ಸುತ್ತಿ ರಿಪೇರಿ ಮಾಡುವ ಒಬ್ಬ ಹೆಂಗಸಿದ್ದಳು. ಗಂಡನಿಂದ ಕಲಿತ ಕೆಲಸ, ಈಗ ಅವನಿಗಿಂತ ಕೈ ಚುರುಕು. ವಾದಕ ದೊಡ್ಡ ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಅವಳಲ್ಲಿಗೆ ಹೋದ. "ಅಕ್ಕಾ, ಈ ಸ್ಪೀಕರಿಗೆ ಏನೋ ರೋಗ ಬಂದೈತಿ" ಎಂದ.

ಅವಳು ಆ ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. "ಅದು ಆಮ್ಯಾಲೆ ಅಣ್ಣಾರ. ಮೊದಲ ಗಿಟಾರು ಬಾರಸ್ರಿ" ಎಂದಳು.

"ವೈರು ಎಲ್ಲಿ ಹಾಕಲಿ?"

"ವೈರು ಬ್ಯಾಡ. ಹಂಗ ಬಾರಸ್ರಿ."

ಅವನು ಸ್ಟೂಲಿನ ಮೇಲೆ ಕುಳಿತು ಬರಿಯ ತಂತಿ ಮಿಡಿದ. ಅವಳು ಕೆಲಸ ನಿಲ್ಲಿಸಿ, ಹತ್ತಿರ ಬಂದು, ಒಂದು ಹಾಡು ಪೂರ್ತಿ ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವನ ಗಿಟಾರನ್ನು ಹಾಗೆ ಕೇಳಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು. ಆಮೇಲೆ ಅವಳು ಅವನ ಆಂಪ್ಲಿಫೈಯರನ್ನು ತರಿಸಿ, ಹಿಂದೆ ತಿರುಗಿಸಿ, ಅಲ್ಲಿ ಬರೆದದ್ದನ್ನು ಓದಿದಳು. ಇಪ್ಪತ್ತು ವ್ಯಾಟ್, ಎಂಟು ಓಮ್. ಓಮ್ ಎಂದರೆ ಸ್ಪೀಕರು ಕರೆಂಟಿಗೆ ಒಡ್ಡುವ ತಡೆಯ ಅಳತೆ. ತಾನು ಎಷ್ಟು ತಡೆಯ ಸ್ಪೀಕರಿಗೆ ಹೊಂದುತ್ತೇನೆ ಎಂದು ಆಂಪ್ಲಿಫೈಯರ್ ತನ್ನ ಬೆನ್ನ ಮೇಲೇ ಬರೆದುಕೊಂಡಿರುತ್ತದೆ. ನಾವು ಓದುವುದಿಲ್ಲ.

ಕೊನೆಗೆ ಅವಳು ದೊಡ್ಡ ಸ್ಪೀಕರಿಗೆ ಮೀಟರು ಹಿಡಿದಳು. ಅದರ ತಡೆ ಹದಿನಾರು. ಅದರ ಬಟ್ಟಲನ್ನು ಬೆರಳಿನಿಂದ ಒತ್ತಿದಳು. ರೊಟ್ಟಿ ತಟ್ಟುವ ಹಲಗೆಯಷ್ಟು ಬಿರುಸಾಗಿತ್ತು. ಅವಳಿಗೆ ನಗು ಬಂತು.

"ಎಂಟು ಓಮ್ ಬೇಡೂ ಕಡೆ ಹದಿನಾರು ಕಟ್ಟೀರಿ, ಅರ್ಧ ಜೋರು ಅಲ್ಲೇ ಹೋತು. ಪುಣ್ಯಾಕ ನಾಕು ಕಟ್ಟಲಿಲ್ಲ, ಆಂಪ್ಲಿಫೈಯರ್ ಸುಟ್ಟು ಬೂದಿ ಆಗತಿತ್ತು" ಎಂದಳು.

"ಆದ್ರ ಅಕ್ಕಾ, ಮುನ್ನೂರು ವ್ಯಾಟ್ ಐತಲ್ಲ!"

"ಮುನ್ನೂರು ಅಂತ ಬರದದ್ದು ಅದು ಕೊಡೂದಲ್ಲಣ್ಣಾ, ತಾಳೂದು. ಅಷ್ಟು ಹೊಡತ ಬಿದ್ರ ಅದು ಮೈ ಅಲುಗಸತೈತಿ. ನಿಮ್ಮ ಇಪ್ಪತ್ತು ವ್ಯಾಟು ಅದಕ್ಕ ಸೊಳ್ಳಿ ಕಡದಂಗ!"

ಮುರಿಗೆಪ್ಪ ಗಹಗಹಿಸಿ ನಕ್ಕ. ತಟ್ಟೆ ಪಕ್ಕಕ್ಕಿಟ್ಟು ಮುಂದೆ ಸರಿದು ಕುಳಿತ. "ಹಾಗಾದರೆ ಹಗುರವಾದ ಬಟ್ಟಲು ಬೇಕು, ಗುರುಗಳೇ. ಎಂಟು ಓಮಿನದು!" ಎಂದ.

"ನೀನು ಅವಳ ಅಂಗಡಿಯಲ್ಲಿ ಕೆಲಸಕ್ಕೆ ಸೇರಬಹುದು" ಎಂದರು ಗುರುಗಳು.

ಅವಳು ಅಟ್ಟದಿಂದ ಒಂದು ಹಳೆಯ ಸ್ಪೀಕರ್ ಇಳಿಸಿದಳು. ಹತ್ತು ಅಂಗುಲ, ಎಂಟು ಓಮ್, ಮೂವತ್ತು ವ್ಯಾಟ್. ಬಟ್ಟಲು ಹಪ್ಪಳದಷ್ಟು ಹಗುರ. ಇಪ್ಪತ್ತಕ್ಕೆ ಮೂವತ್ತೇಕೆ ಎಂದು ಅವನು ಕೇಳಿದ. ಹಾಲು ಕಾಯಿಸುವ ಪಾತ್ರೆ ಹಾಲಿಗಿಂತ ಒಂದಿಷ್ಟು ದೊಡ್ಡದಿರಬೇಕು, ಉಕ್ಕಿದಾಗ ಜಾಗ ಬೇಕಲ್ಲ ಎಂದಳು. ದಪ್ಪ ಹಲಗೆಯ ಪೆಟ್ಟಿಗೆಯನ್ನು ಬದಿಗೆ ತಳ್ಳಿ, ಅವನ ಹಳೆಯ ಪೆಟ್ಟಿಗೆಯಲ್ಲೇ ಅದನ್ನು ಕೂರಿಸಿದಳು. ಬೆನ್ನನ್ನು ತೆರೆದೇ ಬಿಟ್ಟಳು. ಮೊದಲಿನಿಂದ ಅವನ ಗಿಟಾರು ಆ ಕಡೆಯಿಂದಲೂ ಉಸಿರಾಡುತ್ತಿತ್ತು.

ವಾದಕನಿಗೆ ಸಮಾಧಾನವಾಗಲಿಲ್ಲ. ಇಷ್ಟು ಚಿಕ್ಕದನ್ನು ಹಿಡಿದು ಯಜಮಾನನ ಮುಂದೆ ಹೇಗೆ ಹೋಗಲಿ ಎಂದು ಅವನಿಗೆ ನಾಚಿಕೆ. ಬೇರೆ ದಾರಿಯಿಲ್ಲದೆ ಹೋದ.

ಮೂರನೆಯ ದಿನ ಸಂಜೆ ಆಟೋ ಚಾಲಕರ ರಾಜ್ಯೋತ್ಸವ. ನಿಲ್ದಾಣದ ಸುತ್ತ ಆಟೋಗಳಿಗೆಲ್ಲ ಅರಿಶಿನ ಕುಂಕುಮ ಬಣ್ಣದ ಬಾವುಟ. ಇಡೀ ಊರು ಸೇರಿತ್ತು. ಹಾಡು ಶುರುವಾಯಿತು. ಪಲ್ಲವಿ ಮುಗಿದು ಗಿಟಾರಿನ ಸರದಿ ಬರುವ ಕಡೆ, ಯಜಮಾನನ ಸನ್ನೆಯಂತೆ ಕೀಬೋರ್ಡಿನವನು ಗಿಟಾರಿನ ಬಟನಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದ. ವಾದಕ ಕಣ್ಣು ಮುಚ್ಚಿ ತಂತಿ ಮಿಡಿದ.

ದನಿ ಹೊರಗೆ ಬಂತು. ತಿಳಿಯಾಗಿ, ದುಂಡಗೆ, ನಗುನಗುತ್ತಾ ಬಂತು. ಕೊನೆಯ ಸಾಲಿನ ಆಟೋದ ಮೇಲೆ ಹತ್ತಿ ನಿಂತಿದ್ದ ಒಬ್ಬ ಚಾಲಕ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ಕೀಬೋರ್ಡಿನವನು ಬೆರಳು ತೆಗೆದು ಚಪ್ಪಾಳೆ ತಟ್ಟಿದ. ಎರಡನೆಯ ಹಾಡಿಗೆ ಚಾಲಕರು ಕುಣಿದರು. ಮೂರನೆಯದಕ್ಕೆ ಅವರ ಹೆಂಡಂದಿರು ಕುಣಿದರು. ನಾಲ್ಕನೆಯದಕ್ಕೆ ಐವತ್ತು ಆಟೋಗಳ ಹಾರ್ನು ತಾಳ ಹಾಕಿದವು. ಶೇಂಗಾ ಮಾರುವ ಮುದುಕಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡೇ ಸೊಂಟ ತಿರುಗಿಸಿದಳು, ಒಂದು ಕಾಳೂ ಚೆಲ್ಲಲಿಲ್ಲ. ವಾದಕನಿಗೆ ಬಾರಿಸುತ್ತಾ ಬಾರಿಸುತ್ತಾ ಸಂತೋಷ ತಡೆಯಲಾಗದೆ ಅಳು ಬಂತು. ಯಜಮಾನ ವಾದಕನ ಕುರ್ಚಿಯನ್ನು ತಾನೇ ಎತ್ತಿ ಒಂದು ಮಾರು ಮುಂದಕ್ಕೆ ಹಾಕಿದ.

ಆ ದೊಡ್ಡ ಸ್ಪೀಕರು ಮತ್ತೆ ಮೈಕ್‌ಸೆಟ್ಟಿನವನ ಬಳಿ ಹೋಯಿತು. ಅವನ ದೊಡ್ಡ ಆಂಪ್ಲಿಫೈಯರಿಗೆ ಕಟ್ಟಿದಾಗ ಅದೂ ಗುಡುಗಿತು. ಅದರದ್ದೇನೂ ತಪ್ಪಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಇನ್ನೂ ನಗುತ್ತಿದ್ದ. ತೊಡೆ ತಟ್ಟಿಕೊಂಡು, "ಎಂಥ ಹುಚ್ಚ ಅವನು! ತನ್ನ ಬಲ ಎಷ್ಟೆಂದು ನೋಡಿಕೊಳ್ಳದೆ ಮುನ್ನೂರು ವ್ಯಾಟಿನ ಬಾಯಿ ತಂದನಲ್ಲ! ಅಲುಗದ ಬಟ್ಟಲು ಊರಿಗೆ ಏನು ಕೇಳಿಸೀತು?" ಎಂದ.

ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ಕಡಿಮೆಯಾಯಿತು. ಹನ್ನೆರಡು ಶ್ಲೋಕ, ಮೂರು ಭಾಷ್ಯ ಅವನಿಗೇ ನೆನಪಾದವು. ಆದರೂ ಸುಲಭಕ್ಕೆ ಸೋಲುವವನಲ್ಲ.

"ತಿಳಿಯಿತು ಗುರುಗಳೇ. ಮಾತನ್ನು ಹಗುರ ಮಾಡಿಕೊಳ್ಳುತ್ತೇನೆ. ಆದರೆ ಒಂದು ಸಂಶಯ ಉಳಿದೇ ಇದೆ. ಆ ಜನ ಶಾಸ್ತ್ರ ಓದಿದವರಲ್ಲ. ಓದದೇ ಇರುವವರಿಗೆ ಇಂಥ ವಿಷಯ ನಿಜವಾಗಿ ಅರ್ಥವಾಗುತ್ತದೆಯೇ?"

ಗುರುಗಳು ಅವನ ಹೆಗಲಿನಿಂದ ಚೀಲ ಇಳಿಸಿ ಅವನ ಕೈಗೇ ಕೊಟ್ಟು ಕೇಳಿದರು:

"ವ್ಯಾಟು ಓಮುಗಳ ಶಾಸ್ತ್ರವನ್ನು ಒಂದು ಅಕ್ಷರವೂ ಓದದ ನಿನಗೆ ಇದೆಲ್ಲ ಹೇಗೆ ಅರ್ಥವಾಯಿತಪ್ಪಾ?"