ತೀರದ ಕಲ್ಲುಗಳು ಕೂಗುವುದೇಕೆ

ಲೋಕ ಇನ್ನೂ ಹೊಸದು. ಕಡಲಿಗೆ ಉಪ್ಪು ಹತ್ತಿ ನಾಲ್ಕು ದಿನವಾಗಿತ್ತು ಅಷ್ಟೇ. ಆಗ ನಮ್ಮ ತೀರದಲ್ಲಿ ಈ ಉರುಟು ಕಲ್ಲುಗಳು ಇರಲಿಲ್ಲ. ಇದ್ದದ್ದು ಒಂದೇ ಬಂಡೆ, ಜಗಲಿಯ ಹಾಗೆ ಚಪ್ಪಟೆ, ಊರಷ್ಟು ಉದ್ದ. ಬಂಡೆಗೆ ಮಾತು ಬರುತ್ತಿತ್ತು. ಮೀನಿಗೂ ಬರುತ್ತಿತ್ತು. ಮನುಷ್ಯರಿಗಂತೂ ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತಿತ್ತು.

ಬಂಡೆಯ ಮೇಲೆ ನಿಂತು ಮೀನು ಹಿಡಿಯುತ್ತಿದ್ದವನು ಜಟ್ಟಿ. ಕೆಳಗೆ ನೀರಿನಲ್ಲಿ ಒಂದು ಚೋನಕ ಮೀನು, ದೊಡ್ಡ ಬಾಯಿಯ, ಬೆಳ್ಳಿ ಮೈಯ ಹೆಣ್ಣು. ಅವಳು ಸಣ್ಣ ತಾರ್ಲೆ ಮೀನಿನ ಹಿಂಡನ್ನು ಬಂಡೆಯ ಹತ್ತಿರ ಅಟ್ಟಿಕೊಂಡು ಬರುವಳು. ಜಟ್ಟಿ ಬಲೆ ಬೀಸುವನು. ಬಲೆಗೆ ಸಿಕ್ಕ ಮೊದಲ ಮೀನನ್ನು ಅವಳ ಬಾಯಿಗೇ ಎಸೆಯುವನು. ಅದು ಇಬ್ಬರ ನಡುವಿನ ಕಟ್ಟಳೆ. ಅದಕ್ಕೆ ಬಂಡೆಯೇ ಸಾಕ್ಷಿ. ಸಾಕ್ಷಿ ನಿಂತದ್ದಕ್ಕೆಂದು ಜಟ್ಟಿಯ ಹೆಂಡತಿ ಮಾಸ್ತಿ ದಿನಾ ಬಂಡೆಗೆ ಎಣ್ಣೆ ಸವರಿ ಕುಂಕುಮ ಇಡುವಳು. ಬಂಡೆಗೆ ಅದು ಬಹಳ ಹಿಡಿಸಿತ್ತು.

ಒಂದು ವರ್ಷ ಮಳೆಗಾಲ ಮುಗಿದರೂ ತಾರ್ಲೆ ಬರಲಿಲ್ಲ. ಚೋನಕ ಎಂಟು ದಿನ ದೂರದೂರ ಈಜಿ, ತಾನೂ ಹಸಿದು ವಾಪಸು ಬಂದಳು. ಜಟ್ಟಿಯ ಮನೆಯಲ್ಲಿ ಗಂಜಿಗೆ ನಂಚಿಕೊಳ್ಳಲು ಏನೂ ಇಲ್ಲ. ಮಾಸ್ತಿಯ ಕಣ್ಣು ಚೋನಕದ ಮೈಮೇಲೆ ಬಿತ್ತು.

"ಅಷ್ಟು ದೊಡ್ಡ ಮೀನು ಕಣ್ಣೆದ್ರಿಗೇ ಉಂಟು. ನಾವು ಹಸ್ಕೊಂಡು ಸಾಯೂದಾ?" ಎಂದು ಗಂಡನನ್ನು ಕೇಳಿದಳು.

ಜಟ್ಟಿಗೆ ಮೊದಲು ಸಿಟ್ಟು ಬಂತು. ಆಮೇಲೆ ಬರೀ ಗಂಜಿಯ ಬಟ್ಟಲು ನೋಡಿದ. ಆಮೇಲೆ ಕತ್ತಿ ತೆಗೆದು ಹಗುರ ಕಟ್ಟಿಗೆಯಲ್ಲಿ ಒಂದು ತಾರ್ಲೆ ಕೆತ್ತಿದ. ಮೈಗೆ ಚಿಪ್ಪಿನ ಹೊಳಪು ಅಂಟಿಸಿದ. ಹೊಟ್ಟೆಯಡಿ ಗಾಳ ಕಟ್ಟಿದ. ಇಷ್ಟೂ ಕೆಲಸ ಮಾಡಿದ್ದು ಬಂಡೆಯ ಮೇಲೇ ಕೂತು.

ಮರುದಿನ ಬೆಳಿಗ್ಗೆ ಜಟ್ಟಿ ದಾರ ಹಿಡಿದು ಮರದ ಮೀನನ್ನು ಎಸೆದ. ಎಳೆದಾಗ ಅದು ಜೀವ ಇದ್ದದ್ದರ ಹಾಗೇ ಬಳುಕಿತು. ತಾನು ಹಿಂಡು ತಂದಿಲ್ಲ, ಅವನು ಬಲೆ ಬೀಸಿಲ್ಲ, ಮತ್ತೆ ಇದೆಲ್ಲಿಂದ ಬಂತು ಎಂದು ಚೋನಕಕ್ಕೆ ಅನುಮಾನ. ಅವಳು ಬಂಡೆಯ ಬುಡಕ್ಕೆ ಬಂದಳು.

"ನಿಂಗೆ ಮೇಲಿಂದ ಎಲ್ಲಾ ಕಾಣ್ತದೆ. ಅದು ಮೀನು ಹೌದಾ ಅಲ್ವಾ, ಒಂದ್ಮಾತು ಹೇಳು ಮಾರಾಯ."

ಬಂಡೆ ಬಾಯಿ ತೆರೆಯಿತು. ಅಷ್ಟರಲ್ಲಿ ಮಾಸ್ತಿ ಎಣ್ಣೆಗಿಂಡಿ ಹಿಡಿದು ಬರುವುದು ಕಂಡಿತು. ನಾಳೆಯಿಂದ ಕುಂಕುಮ ನಿಂತುಹೋದರೆ? ಬಂಡೆ ಬಾಯಿ ಮುಚ್ಚಿತು.

ಸುಳ್ಳಾಗಿದ್ದರೆ ಬಂಡೆ ಹೇಳದೆ ಇರುತ್ತಿರಲಿಲ್ಲ ಎಂದುಕೊಂಡಳು ಪಾಪ ಚೋನಕ. ಹೋಗಿ ನುಂಗಿದಳು. ಗಾಳ ದವಡೆಗೆ ನಾಟಿತು. ಮೇಲಕ್ಕೆ ಹಾರಿ ತಲೆ ಕೊಡವಿದಳು, ಮತ್ತೆ ಹಾರಿದಳು. ಕೊನೆಗೆ ಬಂಡೆಯ ಕುಂಕುಮದ ಮೇಲೇ ಬಾಯಿ ಬಡಿದು ಸತ್ತಳು.

ಜಟ್ಟಿಯ ಮನೆಯಲ್ಲಿ ಎರಡು ದಿನ ಮೀನು ಸಾರು. ಮೂರನೆಯ ದಿನಕ್ಕೆ ಹಿಂಡು ಅಟ್ಟಿ ತರುವವರೇ ಇಲ್ಲ. ಹೇಳುವಾಗ ಈಗಲೂ ಜಟ್ಟಿಗಿಂತ ಆ ಬಂಡೆಯ ಮೇಲೇ ನನಗೆ ಸಿಟ್ಟು ಜಾಸ್ತಿ. ಅವನಿಗಾದರೂ ಹಸಿವಿತ್ತು, ಬಂಡೆಗೆ ಏನಿತ್ತು?

ಕಡಲಿಗೂ ಸಿಟ್ಟು ಬಂತು. ಯಾಕೆ ಹೇಳಲಿಲ್ಲ ಎಂದು ಕೇಳಿ ಅಲೆ ಬಡಿಯಿತು. ಬಂಡೆ ಉತ್ತರ ಕೊಡಲಿಲ್ಲ. ಅಲೆ ಮತ್ತೆ ಕೇಳಿತು, ಮತ್ತೆ ಬಡಿಯಿತು. ಬಂಡೆ ಒಡೆದು ನೂರಾಯಿತು, ನೂರು ಸಾವಿರವಾಯಿತು, ಸವೆದು ಉರುಟಾಯಿತು. ಎಣ್ಣೆ ಹಚ್ಚುವವರು ಯಾರೂ ಉಳಿಯದಿದ್ದಾಗ ಅದು ಬಾಯಿ ಬಿಟ್ಟಿತು.

ಈಗ ಈ ತೀರದಲ್ಲಿ ಗಾಳ ಕಟ್ಟಿದ ಪ್ಲಾಸ್ಟಿಕ್ ಮೀನು ಎಸೆಯುವವರು ಕಲ್ಲುಗಳ ಮೇಲೇ ಕಾಲೂರಿ ನಿಂತಿರುತ್ತಾರೆ ನೋಡು. ಒಂದೊಂದು ಅಲೆ ಹಿಂದೆ ಸರಿಯುವಾಗಲೂ ಅದು ಮೀನಲ್ಲ, ಅದು ಮೀನಲ್ಲ ಎಂದು ಕಲ್ಲುಗಳೆಲ್ಲ ಗರಗರ ಕೂಗುತ್ತವೆ, ಆದರೆ ಸಾವಿರ ಬಾಯಿ ಒಟ್ಟಿಗೇ ಆಡುವ ಆ ಮಾತು ಒಂದು ಚೋನಕಕ್ಕೂ ಅರ್ಥವಾಗುವುದಿಲ್ಲ.