ಮರಿಗೂಡಿಗೆ ಎಟುಕದ ಸರಪಳಿ

ಕುರಿರೊಪ್ಪ ಕಾಯುವ ಮಾಳನೆಂಬ ನಾಯಿಗೆ ಒಂದೇ ಕೊರಗು. ಅದರ ಸರಪಳಿ ರೊಪ್ಪದ ಬಾಗಿಲಿಗೆ ಎಟುಕುತ್ತಿತ್ತು, ಒಳಗಿನ ಮರಿಗೂಡಿಗೆ ಎಟುಕುತ್ತಿರಲಿಲ್ಲ.

"ತೋಳವನ್ನೇ ಸೀಳಿದವನು ನಾನು. ಕುರಿಗಾಹಿಗೆ ನನ್ನ ಮೇಲೂ ನಂಬಿಕೆಯಿಲ್ಲವೇ?" ಎಂದು ಅದು ಸರಪಳಿಯ ಮೇಲೆ ಹರಿಹಾಯ್ದಿತು.

"ನಿನ್ನ ಮೇಲಿದೆ. ನಾಳೆ ನಿನ್ನನ್ನು ಕಚ್ಚುವವರ ಮೇಲಿಲ್ಲ," ಎಂದಿತು ಸರಪಳಿ.

"ಕಬ್ಬಿಣದ ತುಂಡಿಗೇನು ಗೊತ್ತು ನಿಯತ್ತು!"

ಸುಗ್ಗಿ ಕಳೆಯುವಷ್ಟರಲ್ಲಿ ಹುಚ್ಚುನರಿಯೊಂದು ರೊಪ್ಪಕ್ಕೆ ನುಗ್ಗಿ ಮಾಳನನ್ನು ಕಚ್ಚಿತು. ಮಾಳ ನರಿಯನ್ನು ಕೊಂದಿತು, ಆದರೆ ನಂಜು ಮೈಯಲ್ಲೇ ಉಳಿಯಿತು. ಕ್ರಮೇಣ ಬಾಯಲ್ಲಿ ನೊರೆ ಬಂತು. ಬಾಗಿಲ ಬಳಿ ಮಲಗಿದ್ದ ಮುದಿಕುರಿಯ ಕತ್ತನ್ನು ತಾನೇ ಹರಿದದ್ದು ಕಂಡಾಗ ಅದಕ್ಕೆ ಗಳಿಗೆಯ ಮಟ್ಟಿಗೆ ಬುದ್ಧಿ ಮರಳಿತು. ಗೂಡಿನಲ್ಲಿ ಮರಿಗಳು ಅರಚುತ್ತಿದ್ದವು. ಅದರ ಕಾಲುಗಳು ಆಗಲೇ ಅತ್ತ ಜಗ್ಗುತ್ತಿದ್ದವು.

"ಅಣ್ಣಾ," ಎಂದಿತು ಮಾಳ ಸರಪಳಿಗೆ, "ಬಿಡಬೇಡ. ನಾನೇ ಬೇಡಿಕೊಂಡರೂ ಬಿಡಬೇಡ."